ಮೊಗ್ಗಿನ ಜಡೆಯೂ ಭೌತವಿಜ್ಞಾನವೂ

ಮದುವೆಯ ಚಪ್ಪರದಲ್ಲಿ ಹಸೆಮಣೆಯ ಮೇಲೆ ಕುಳಿತ ಮದುಮಗಳ ಮುಖವನ್ನು ನೋಡುವವರು ಎಷ್ಟು ಮಂದಿಯೋ, ಆಕೆಯ ಬೆನ್ನ ಮೇಲೆ ಇಳಿಬಿದ್ದ ಜಡೆಯನ್ನು ನೋಡಿ ಬೆರಗಾಗುವವರೂ ಅಷ್ಟೇ ಮಂದಿ. ನೆತ್ತಿಯ ಹಿಂಭಾಗದಲ್ಲಿ ದುಂಡನೆಯ ರಾಗಟೆ, ಅದರ ಕೆಳಗೆ ಹೆಡೆಯೆತ್ತಿದ ಜಡೆನಾಗರ, ಅಲ್ಲಿಂದ ಮುಂದೆ ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಜಡೆಬಿಲ್ಲೆಗಳ ಸಾಲು, ಕೊಟ್ಟಕೊನೆಯಲ್ಲಿ ಕುಚ್ಚು. ಇವುಗಳ ನಡುನಡುವೆ ಒತ್ತಾಗಿ ಹೊಲಿದ ಮಲ್ಲಿಗೆಯ ಮೊಗ್ಗು, ಕನಕಾಂಬರ, ಮರುಗ, ಪಚ್ಚೆತೆನೆ. ಮೊಗ್ಗಿನ ಜಡೆಯೆಂದು ಕನ್ನಡ ನಾಡಿನಲ್ಲೆಲ್ಲ ಹೆಸರಾದ ಈ ಅಲಂಕಾರವನ್ನು ಮದುವೆಯಲ್ಲಿ ಮಾತ್ರವಲ್ಲದೆ ಸೀಮಂತದಲ್ಲಿಯೂ, ಬೇಸಗೆಯ ರಜೆಯಲ್ಲಿ ಪುಟ್ಟ ಹುಡುಗಿಯರಿಗೂ ಮಾಡುವುದುಂಟು.

ಇದನ್ನು ಸೌಂದರ್ಯದ ದೃಷ್ಟಿಯಿಂದ ವರ್ಣಿಸಿದವರು ಅನೇಕರು. ನಾವು ಇಲ್ಲಿ ಅದನ್ನು ಭೌತವಿಜ್ಞಾನದ ದೃಷ್ಟಿಯಿಂದ ನೋಡಲೆಳಸುತ್ತೇವೆ. ಇಷ್ಟು ಭಾರವಾದ ಹೂವು, ಚಿನ್ನ, ಬೆಳ್ಳಿಗಳು ಗಂಟಿಲ್ಲದ ಕೂದಲಿನ ಮೇಲೆ ಜಾರದೆ ನಿಲ್ಲುವುದು ಹೇಗೆ? ಅರಳಿದ ಹೂವಿರುವಾಗ ಮೊಗ್ಗನ್ನೇ ಆರಿಸುವುದೇಕೆ? ಚನ್ನಗಿರಿಯಲ್ಲಿ ಸಂಜೆಯವರೆಗೂ ನಳನಳಿಸುವ ಜಡೆ ಜಗಳೂರಿನಲ್ಲಿ ಮಧ್ಯಾಹ್ನಕ್ಕೇ ಬಾಡತೊಡಗಿದರೆ ಅದಕ್ಕೆ ಕಾರಣವೇನು? ಎಲ್ಲಕ್ಕಿಂತ ಮುಖ್ಯವಾಗಿ, ಆ ಭಾರವನ್ನು ಕಡೆಗೆ ಹೊರುವವರು ಯಾರು?

ಒಂದು ಕೂದಲಿನ ಬಲ

ಮೊದಲು ಒಂದೇ ಒಂದು ಕೂದಲನ್ನು ಪರೀಕ್ಷಿಸೋಣ. ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದಾದುದು. ಉಗುರು, ಕೊಂಬು, ಗೊರಸು, ಕುರಿಯ ಉಣ್ಣೆ ಇವೆಲ್ಲ ಅದರ ಬಳಗಕ್ಕೇ ಸೇರಿದವು. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಆಸ್ಟ್‌ಬರಿ ಎಂಬ ವಿಜ್ಞಾನಿ ಉಣ್ಣೆ ಮತ್ತು ಕೂದಲುಗಳ ಮೂಲಕ ಎಕ್ಸ್-ಕಿರಣಗಳನ್ನು ಹಾಯಿಸಿ, ಕೂದಲನ್ನು ಎಳೆದಾಗ ಅದರೊಳಗಿನ ಅಣುಗಳ ಜೋಡಣೆಯೇ ಬದಲಾಗುವುದೆಂದು ತೋರಿಸಿದನು. ಆ ಅಣುಸರಪಳಿಗಳು ಸುರುಳಿಯಾಗಿ ಸುತ್ತಿಕೊಂಡಿರುವುವೆಂಬುದನ್ನು 1951ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಆತನ ಸಂಗಡಿಗರು ಸ್ಪಷ್ಟಪಡಿಸಿದರು. ಸುರುಳಿಯಿರುವುದರಿಂದಲೇ ಕೂದಲು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ.

ಕೂದಲಿನ ವ್ಯಾಸ ಸಾಧಾರಣವಾಗಿ 0.05ರಿಂದ 0.1 ಮಿಲಿಮೀಟರ್. ಅದನ್ನು 0.07 ಮಿ.ಮೀ. ಎಂದು ಹಿಡಿದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.00385 ಚದರ ಮಿ.ಮೀ. ಆಗುತ್ತದೆ. ಕೂದಲಿನ ಕರ್ಷಣ ಬಲ ಚದರ ಮಿಲಿಮೀಟರಿಗೆ ಸುಮಾರು 20 ಕಿಲೋಗ್ರಾಮ್ ತೂಕ; ಇದು ಮೃದು ಉಕ್ಕಿನ ಬಲದ ಸುಮಾರು ಅರ್ಧ. ಇವೆರಡನ್ನೂ ಗುಣಿಸಿದರೆ ಒಂದು ಕೂದಲು ಸುಮಾರು 77 ಗ್ರಾಮ್ ಭಾರವನ್ನು ತಡೆಯಬಲ್ಲುದೆಂದು ತಿಳಿಯುತ್ತದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಅವೆಲ್ಲ ಸಮನಾಗಿ ಭಾರ ಹೊರುವುದಾದರೆ ಏಳು ಟನ್ನಿಗೂ ಹೆಚ್ಚಿನ ತೂಕವನ್ನು ತೂಗಹಾಕಬಹುದೆಂದು ಲೆಕ್ಕ ಹೇಳುತ್ತದೆ! "ಸಮನಾಗಿ" ಎಂಬ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಜಡೆಯ ಮರ್ಮವೆಲ್ಲ ಅದರಲ್ಲಿಯೇ ಅಡಗಿದೆ.

ಮೂರೆಳೆಯ ಗಣಿತ

ಬಿಡಿಯಾದ ಕೂದಲಿಗೆ ಹೂವನ್ನು ಕಟ್ಟಿದರೆ ಭಾರವೆಲ್ಲ ಕೆಲವೇ ಕೂದಲುಗಳ ಮೇಲೆ ಬೀಳುತ್ತದೆ. ಜಡೆ ಹೆಣೆದಾಗ ಕೂದಲುಗಳು ಒಂದನ್ನೊಂದು ಹಿಡಿದುಕೊಂಡು ಭಾರವನ್ನು ಹಂಚಿಕೊಳ್ಳುತ್ತವೆ. ಹೆಣೆಯುವ ಕ್ರಮವು ಮನೆಯ ಹೆಣ್ಣುಮಕ್ಕಳಿಗೆಲ್ಲ ಕರಗತವಾದುದೇ. ಬಲದ ಎಳೆಯನ್ನು ನಡುವಿನ ಎಳೆಯ ಮೇಲೆ ತರುವುದು. ಅನಂತರ ಎಡದ ಎಳೆಯನ್ನು ನಡುವಿಗೆ ಬಂದ ಎಳೆಯ ಮೇಲೆ ತರುವುದು. ಮತ್ತೆ ಬಲದ್ದು, ಮತ್ತೆ ಎಡದ್ದು.

ಕೆಂಪು, ಹಳದಿ, ಹಸುರು ಬಣ್ಣದ ಮೂರು ಟೇಪುಗಳನ್ನು ಎಡದಿಂದ ಬಲಕ್ಕೆ ಈ ಕ್ರಮದಲ್ಲಿಟ್ಟು ಹೆಣೆದು ನೋಡಿರಿ. ಸರಿಯಾಗಿ ಆರು ದಾಟುಗಳಾದ ಮೇಲೆ ಮೂರು ಬಣ್ಣಗಳೂ ತಮ್ಮ ಮೊದಲಿನ ಸ್ಥಾನಕ್ಕೆ ಬಂದಿರುತ್ತವೆ. ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯಕರವಾದುದು. ಈ ಹೆಣಿಗೆಯಲ್ಲಿ ಹಸುರು ಯಾವಾಗಲೂ ಹಳದಿಯ ಮೇಲೆ, ಹಳದಿ ಯಾವಾಗಲೂ ಕೆಂಪಿನ ಮೇಲೆ, ಕೆಂಪು ಯಾವಾಗಲೂ ಹಸುರಿನ ಮೇಲೆ ಹಾಯುತ್ತದೆ. ಆದುದರಿಂದ ಯಾವುದಾದರೂ ಒಂದು ಟೇಪನ್ನು ಮೆಲ್ಲಗೆ ಎಳೆದು ತೆಗೆದುಬಿಟ್ಟರೆ ಉಳಿದೆರಡು ಒಂದಕ್ಕೊಂದು ಸುತ್ತಿಕೊಂಡಿರದೆ ಬೇರೆಬೇರೆಯಾಗಿ ಬಿದ್ದುಬಿಡುತ್ತವೆ. ಯಾವ ಎರಡು ಎಳೆಗಳೂ ತಮ್ಮಷ್ಟಕ್ಕೆ ತೊಡರಿಕೊಂಡಿಲ್ಲ. ಮೂರೂ ಕೂಡಿದಾಗ ಮಾತ್ರ ಬಿಗಿತ. ಇಂತಹ ಹೆಣಿಗೆಗಳ ವಿಚಾರವಾಗಿ 1925ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾನಿಲಯದ ಎಮಿಲ್ ಆರ್ಟಿನ್ ಎಂಬ ಗಣಿತಜ್ಞನು ಒಂದು ಶಾಸ್ತ್ರವನ್ನೇ ರಚಿಸಿ, ಅದಕ್ಕೆ "ಜಡೆಗಳ ಸಿದ್ಧಾಂತ"ವೆಂದೇ ಹೆಸರಿಟ್ಟನು. ಇಂದು ಅದು ಉನ್ನತ ಗಣಿತದ ಒಂದು ಮುಖ್ಯ ಶಾಖೆಯಾಗಿದೆ.

ಗಂಟಿಲ್ಲದ ಬಿಗಿತ

ಗಣಿತದ ಎಳೆಗೆ ನುಣುಪು, ಒರಟು ಎಂಬುದಿಲ್ಲ. ನಿಜವಾದ ಜಡೆ ಬಿಚ್ಚಿಕೊಳ್ಳದಿರಬೇಕಾದರೆ ಘರ್ಷಣೆ ಬೇಕೇ ಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೂದಲಿನ ಹೊರಮೈ ಹೆಂಚು ಹೊದಿಸಿದ ಮಾಡಿನಂತೆ ಕಾಣುತ್ತದೆ. ಒಂದರ ಮೇಲೊಂದು ಹಾಯ್ದ ತೆಳ್ಳನೆಯ ಬಿಲ್ಲೆಗಳ ಅಂಚುಗಳು ಕೂದಲಿನ ತುದಿಯ ಕಡೆಗೆ ತಿರುಗಿರುತ್ತವೆ. ಎರಡು ಬೆರಳುಗಳ ನಡುವೆ ಕೂದಲನ್ನು ಹಿಡಿದು ಬುಡದಿಂದ ತುದಿಗೆ ಸವರಿದರೆ ನುಣುಪು. ತುದಿಯಿಂದ ಬುಡಕ್ಕೆ ಸವರಿದರೆ ತಡೆ. ಕೂದಲಿಗೆ ಎಣ್ಣೆ ಹೆಚ್ಚಾದಾಗ ಈ ಘರ್ಷಣೆ ಕಡಿಮೆಯಾಗುತ್ತದೆ. ಹೊಸದಾಗಿ ಎಣ್ಣೆ ಹಚ್ಚಿದ ತಲೆಯಲ್ಲಿ ಜಡೆ ಬೇಗ ಸಡಿಲವಾಗುವುದು ಇದರಿಂದಲೇ. ಮದುವೆಯ ದಿನ ಎಣ್ಣೆನೀರು ಹಾಕಿ, ಸಾಮ್ರಾಣಿಯ ಹೊಗೆಯಲ್ಲಿ ಕೂದಲನ್ನು ಚೆನ್ನಾಗಿ ಆರಿಸಿದ ಮೇಲೆಯೇ ಜಡೆಗೆ ಕೈಹಚ್ಚುವ ವಾಡಿಕೆಗೆ ಹೀಗೊಂದು ಭೌತಿಕ ಕಾರಣವೂ ಉಂಟು. ಒದ್ದೆಯಾದ ಕೂದಲು ಒಣಗಿದ ಕೂದಲಿಗಿಂತ ದುರ್ಬಲ. ಎಳೆದರೆ ಹೆಚ್ಚು ಹಿಗ್ಗುತ್ತದೆ.

ಕಟ್ಟದೆ ಬಿಟ್ಟ ಕೂದಲ ಕಂತೆ ಕೆಳಗೆ ಕೆದರಿ ಅಗಲವಾಗುವುದನ್ನು ಎಲ್ಲರೂ ನೋಡಿದ್ದಾರೆ. 2012ರಲ್ಲಿ ಕೇಂಬ್ರಿಜ್‌ನ ರೇಮಂಡ್ ಗೋಲ್ಡ್‌ಸ್ಟೀನ್ ಮತ್ತು ಇನ್ನಿಬ್ಬರು ವಿಜ್ಞಾನಿಗಳು ಇದಕ್ಕೊಂದು ಸಮೀಕರಣವನ್ನು ಕೊಟ್ಟರು. ಕೂದಲಿನ ತೂಕ, ಅದರ ಪೆಡಸುತನ, ಅದರ ಸಣ್ಣ ಸಣ್ಣ ಡೊಂಕುಗಳಿಂದ ಹುಟ್ಟುವ ಹೊರಮುಖವಾದ ಒತ್ತಡ ಇವುಗಳ ಸಮತೋಲದಿಂದ ಆ ಆಕಾರ ಬರುತ್ತದೆಂಬುದು ಅವರ ನಿರ್ಣಯ. ಜಡೆಯಲ್ಲಾದರೋ ಈ ಹೊರಮುಖದ ಒತ್ತಡ ಹೊರಗೆ ಹೋಗಲಾರದೆ ಎಳೆಗಳನ್ನು ಒಂದಕ್ಕೊಂದು ಒತ್ತುತ್ತದೆ. ಒತ್ತಿದಷ್ಟೂ ಘರ್ಷಣೆ ಹೆಚ್ಚು. ಘರ್ಷಣೆ ಹೆಚ್ಚಿದಷ್ಟೂ ಹಿಡಿತ ಬಲ.

ದಾವಣಗೆರೆಯ ಸೀಮೆಯವರಿಗೆ ಇದಕ್ಕೆ ಹತ್ತಿರದ ಉದಾಹರಣೆಯೊಂದಿದೆ. ಆ ಊರು ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಹೆಸರುವಾಸಿಯಾಗಿತ್ತು. ಹತ್ತಿಯ ಒಂದೊಂದು ಎಳೆಯೂ ಎರಡು ಮೂರು ಸೆಂಟಿಮೀಟರಿನಷ್ಟು ಉದ್ದ. ಗಂಟುಹಾಕದೆ, ಅಂಟುಹಾಕದೆ, ಬರಿಯ ಹುರಿಯಿಂದ ಅವು ಮೈಲಿಗಟ್ಟಲೆ ಉದ್ದದ ನೂಲಾಗುತ್ತವೆ. ಕೂದಲು ಗಿಡ್ಡವಾದವರು ಸೇರಿಸಿಕೊಳ್ಳುವ ಚೌರಿಯೂ ಜಡೆಯಲ್ಲಿ ನಿಲ್ಲುವುದು ಇದೇ ನಿಯಮದಿಂದ.

ಜಡೆಯ ತುದಿಗೆ ಸುತ್ತುವ ದಾರದ ವಿಷಯವನ್ನೂ ನೋಡೋಣ. ಒಂದು ದುಂಡನೆಯ ವಸ್ತುವಿನ ಮೇಲೆ ದಾರವನ್ನು ಸುತ್ತಿದಾಗ ಅದರ ಹಿಡಿತವು ಸುತ್ತುಗಳೊಡನೆ ಗುಣೋತ್ತರವಾಗಿ ಬೆಳೆಯುತ್ತದೆಂಬ ಸೂತ್ರಕ್ಕೆ ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನ ಹೆಸರಿದೆ. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹಿಡಿತ ಸುಮಾರು 6.6ರಷ್ಟು, ಎರಡು ಸುತ್ತಿಗೆ 43ರಷ್ಟು, ಮೂರು ಸುತ್ತಿಗೆ 285ರಷ್ಟು ಆಗುತ್ತದೆ. ಹಡಗನ್ನು ದಡದ ಗೂಟಕ್ಕೆ ಹಗ್ಗ ಸುತ್ತಿ ಒಬ್ಬನೇ ಹಿಡಿದು ನಿಲ್ಲಿಸುವುದೂ, ನಾಲ್ಕು ಸುತ್ತು ದಾರದಿಂದ ಕುಚ್ಚು ಜಾರದೆ ನಿಲ್ಲುವುದೂ ಒಂದೇ ತತ್ತ್ವ.

ಮೊಗ್ಗೇ ಏಕೆ?

ಮೊಗ್ಗಿನ ಜಡೆಯನ್ನು ಕಟ್ಟುವವರು ಬಾಳೆಯ ಪಟ್ಟೆಯನ್ನೋ ದಪ್ಪ ಕಾಗದವನ್ನೋ ಜಡೆಯ ಅಳತೆಗೆ ಕತ್ತರಿಸಿಕೊಂಡು, ಅದರ ಮೇಲೆ ಮೊಗ್ಗುಗಳನ್ನು ಸಾಲಾಗಿ ಸೂಜಿದಾರದಿಂದ ಹೊಲಿಯುತ್ತಾರೆ. ಒಂದು ಸಾಲಿನ ತೊಟ್ಟನ್ನು ಮುಂದಿನ ಸಾಲಿನ ಮೊಗ್ಗು ಮುಚ್ಚುತ್ತದೆ. ಇಲ್ಲಿಯೂ ಹೆಂಚಿನ ಮಾಡಿನ ಕ್ರಮವೇ. ಮೊಗ್ಗು ಗಟ್ಟಿಯಾಗಿರುವುದರಿಂದ ಸೂಜಿಗೆ ಹರಿಯುವುದಿಲ್ಲ. ಗಾತ್ರ ಒಂದೇ ಸಮನಾಗಿರುವುದರಿಂದ ಸಾಲು ಕೆಡುವುದಿಲ್ಲ.

ಆದರೆ ಮುಖ್ಯ ಕಾರಣ ನೀರಿನದು. ಹೂವಿನ ತೂಕದಲ್ಲಿ ಬಹುಪಾಲು ನೀರು. ಗಿಡದಿಂದ ಕಿತ್ತ ಮೇಲೆ ಹೊಸ ನೀರು ಬರುವಂತಿಲ್ಲ. ಇದ್ದುದು ಆವಿಯಾಗಿ ಹೋಗುತ್ತಿರುತ್ತದೆ. ಅರಳಿದ ಹೂವಿನ ಎಸಳುಗಳೆಲ್ಲ ಗಾಳಿಗೆ ತೆರೆದಿರುತ್ತವೆ. ಮೊಗ್ಗಿನಲ್ಲಿ ಅವೇ ಎಸಳುಗಳು ಒಂದರೊಳಗೊಂದು ಸುತ್ತಿಕೊಂಡು ಹೊರಮೈ ಕಿರಿದಾಗಿರುತ್ತದೆ. ಹೊರಮೈ ಕಿರಿದಾದಷ್ಟೂ ಬಾಷ್ಪೀಭವನ ನಿಧಾನ. ಬೆಳಗ್ಗೆ ಬಿಡಿಸಿದ ಮಲ್ಲಿಗೆಯ ಮೊಗ್ಗಿನ ಜೀವಕೋಶಗಳು ತಮ್ಮೊಳಗಿನ ನೀರಿನ ಒತ್ತಡದಿಂದ ಹಿಗ್ಗಿ ಸಂಜೆಗೆ ತಾವಾಗಿಯೇ ಅರಳುತ್ತವೆ. ಆಗ ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಮೊದಲಾದ ಸುವಾಸನೆಯ ಅಣುಗಳು ಗಾಳಿಯಲ್ಲಿ ಹರಡಿ ಚಪ್ಪರವೆಲ್ಲ ಘಮಘಮಿಸುತ್ತದೆ. ತಲೆಯ ಕಾವು ಈ ಹರಡುವಿಕೆಗೆ ಸಹಾಯಕ.

ಈಗ ನಾಲ್ಕು ತಾಲ್ಲೂಕುಗಳ ಮಾತಿಗೆ ಬರೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವು ನಾಲ್ಕೂ ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆ. 1997ರಲ್ಲಿ ಆ ಜಿಲ್ಲೆ ರಚನೆಯಾಗುವುದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗೇ ಇದ್ದಿತು. ಜಿಲ್ಲೆ ಒಂದಾದರೂ ಹವೆ ಒಂದಲ್ಲ. ಚನ್ನಗಿರಿಯಲ್ಲಿ ಅಡಿಕೆಯ ತೋಟಗಳು, ಸೂಳೆಕೆರೆಯ ವಿಶಾಲವಾದ ನೀರಿನ ಹರವು, ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ, ನ್ಯಾಮತಿ ಅರೆಮಲೆನಾಡು. ಜಗಳೂರಾದರೋ ಮಳೆ ಕಡಿಮೆಯಾದ ಬಯಲುಸೀಮೆ.

ಒಂದು ಲೆಕ್ಕ ಮಾಡಿ ನೋಡಬಹುದು. ತೋಟದ ನೆರಳಿನಲ್ಲಿ ಉಷ್ಣತೆ 25 ಡಿಗ್ರಿ ಸೆಂಟಿಗ್ರೇಡ್, ಸಾಪೇಕ್ಷ ಆರ್ದ್ರತೆ ನೂರಕ್ಕೆ 60 ಎಂದಿಟ್ಟುಕೊಳ್ಳೋಣ. ಆ ಉಷ್ಣತೆಯಲ್ಲಿ ನೀರಾವಿಯ ಪರ್ಯಾಪ್ತ ಒತ್ತಡ 23.8 ಮಿ.ಮೀ. ಪಾದರಸ, ಗಾಳಿಯಲ್ಲಿರುವುದು 14.3, ಕೊರತೆ 9.5 ಮಿ.ಮೀ. ಒಣಬಯಲಿನ ಚಪ್ಪರದಲ್ಲಿ 35 ಡಿಗ್ರಿ, ಆರ್ದ್ರತೆ ನೂರಕ್ಕೆ 30 ಎಂದಿಟ್ಟುಕೊಂಡರೆ ಪರ್ಯಾಪ್ತ ಒತ್ತಡ 42.2, ಇರುವುದು 12.7; ಕೊರತೆ 29.5 ಮಿ.ಮೀ. ಈ ಕೊರತೆಯೇ ಹೂವಿನ ನೀರನ್ನು ಹೀರುವುದು. ಗಾಳಿಯ ವೇಗ ಒಂದೇ ಆಗಿದ್ದರೆ ಎರಡನೆಯ ಕಡೆ ಹೂವು ಸುಮಾರು ಮೂರು ಪಟ್ಟು ಬೇಗ ಒಣಗುತ್ತದೆ. ಜಗಳೂರಿಗೆ ಬಹಳ ದೂರವಲ್ಲದ ಹೂವಿನಹಡಗಲಿಯ ಮಲ್ಲಿಗೆ ಭೌಗೋಳಿಕ ಸೂಚಿಯ ಮನ್ನಣೆ ಪಡೆದುದು. ಅಂತಹ ಹೂವನ್ನು ತರುವಾಗ ಬಾಳೆಯ ಎಲೆಯಲ್ಲಿ ಸುತ್ತಿ ಒದ್ದೆ ಬಟ್ಟೆಯಲ್ಲಿಡುವುದು, ಅದರ ಸುತ್ತಣ ಗಾಳಿಯಲ್ಲಿ ಈ ಕೊರತೆಯನ್ನು ತುಂಬುವ ಉಪಾಯವೇ ಆಗಿದೆ.

ಗಾಳಿಯ ಆರ್ದ್ರತೆಯನ್ನು ಅಳೆಯಲು ಮೊದಮೊದಲು ಬಳಕೆಗೆ ಬಂದ ಸಾಧನಗಳಲ್ಲೊಂದು ಮನುಷ್ಯರ ಕೂದಲೇ ಎಂಬುದು ಇಲ್ಲಿ ಹೇಳತಕ್ಕ ಮಾತು. ತೇವದಲ್ಲಿ ಕೂದಲು ಉದ್ದವಾಗುತ್ತದೆ, ಒಣಹವೆಯಲ್ಲಿ ಗಿಡ್ಡವಾಗುತ್ತದೆ. ಪೂರ್ತಿ ಒಣಗಿದ ಸ್ಥಿತಿಗೂ ಪೂರ್ತಿ ತೇವದ ಸ್ಥಿತಿಗೂ ಇರುವ ವ್ಯತ್ಯಾಸ ನೂರಕ್ಕೆ ಸುಮಾರು ಎರಡೂವರೆ. ಇದನ್ನೇ ಉಪಯೋಗಿಸಿ 1783ರಲ್ಲಿ ಜಿನೀವದ ಸೊಸ್ಯೂರ್ ಎಂಬಾತನು ತನ್ನ ಆರ್ದ್ರಮಾಪಕವನ್ನು ಪ್ರಕಟಪಡಿಸಿದನು.

ಕನ್ನಡಿಯೊಳಗಿನ ಜಡೆ

ಒಂದು ದಿನದಲ್ಲಿ ಬಾಡಿಹೋಗುವ ಈ ಅಲಂಕಾರವನ್ನು ಉಳಿಸಿಕೊಳ್ಳಲು ನಮ್ಮವರು ಫೋಟೋ ಸ್ಟುಡಿಯೋಗಳಿಗೆ ಹೋಗುತ್ತಿದ್ದರು. ಹಿಂದಿನ ತಲೆಮಾರಿನ ಆಲ್ಬಮ್ಮುಗಳಲ್ಲಿ, ಕನ್ನಡಿಯ ಮುಂದೆ ಕುಳಿತು ಮುಖವನ್ನು ನೇರವಾಗಿಯೂ ಜಡೆಯನ್ನು ಪ್ರತಿಬಿಂಬದಲ್ಲಿಯೂ ತೋರಿಸುವ ಹುಡುಗಿಯರ ಚಿತ್ರಗಳು ಹೇರಳವಾಗಿವೆ. ಕನ್ನಡಿಯು ನೆಟ್ಟಗೆ ಬೆನ್ನ ಹಿಂದಿದ್ದರೆ ಹುಡುಗಿಯ ಮೈಯೇ ಪ್ರತಿಬಿಂಬಕ್ಕೆ ಅಡ್ಡವಾಗುತ್ತದೆ. ಆದುದರಿಂದ ಅದನ್ನು ಸ್ವಲ್ಪ ಓರೆಯಾಗಿಡಬೇಕು. ಕ್ಯಾಮೆರದಿಂದ ಮುಖ 8 ಅಡಿ ದೂರದಲ್ಲಿಯೂ, ಅಲ್ಲಿಂದ ಕನ್ನಡಿ 2 ಅಡಿ ಹಿಂದೆಯೂ ಇದ್ದರೆ ಜಡೆಯ ಪ್ರತಿಬಿಂಬ ಕನ್ನಡಿಯ ಹಿಂದೆ 2 ಅಡಿ, ಎಂದರೆ ಕ್ಯಾಮೆರಕ್ಕೆ ಸುಮಾರು 12 ಅಡಿ ದೂರದಲ್ಲಿರುತ್ತದೆ. ಎಂಟಡಿಯ ಮುಖವೂ ಹನ್ನೆರಡಡಿಯ ಜಡೆಯೂ ಒಟ್ಟಿಗೆ ಸ್ಪಷ್ಟವಾಗಿ ಮೂಡಬೇಕಾದರೆ ಮಸೂರದ ಕಂಡಿಯನ್ನು ಕಿರಿದುಮಾಡಬೇಕು. ಕಂಡಿ ಕಿರಿದಾದರೆ ಬೆಳಕು ಸಾಲದೆ ಹೆಚ್ಚು ಹೊತ್ತು ತೆರೆದಿಡಬೇಕು. "ಅಲುಗಾಡಬೇಡಮ್ಮ" ಎಂದು ಫೋಟೋದವರು ಹೇಳುತ್ತಿದ್ದುದರಲ್ಲಿ ಇಷ್ಟು ದೃಗ್ವಿಜ್ಞಾನವಿತ್ತು.

ಭಾರ ಯಾರ ಮೇಲೆ?

ಹೀಗೆ ಅಲುಗಾಡದೆ ಕುಳಿತ ಹುಡುಗಿಯನ್ನು "ತಲೆ ನೋಯುತ್ತಿದೆಯೇ?" ಎಂದು ಕೇಳುವವರು ವಿರಳ. ಅಲಂಕಾರವೆಲ್ಲ ಮುಗಿದ ಮೇಲೆ ಭಾರವು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು.

ಜಡೆಯ ಯಾವುದೇ ಬಿಂದುವಿನಲ್ಲಿರುವ ಸೆಳೆತವು ಅದರ ಕೆಳಗಿರುವ ಒಟ್ಟು ತೂಕಕ್ಕೆ ಸಮ. ತುದಿಯಲ್ಲಿ ಕುಚ್ಚಿನ ತೂಕ ಮಾತ್ರ. ಮೇಲೆ ಹೋದಂತೆಲ್ಲ ಅದು ಕೂಡುತ್ತ ಹೋಗಿ ಬುಡದಲ್ಲಿ ಪೂರ್ತಿಯಾಗುತ್ತದೆ. ಎಲ್ಲ ಕೂದಲೂ ಒಂದೇ ಉದ್ದವಿಲ್ಲದಿರುವುದರಿಂದ ಜಡೆಯು ಕೆಳಗೆ ಹೋದಂತೆ ತೆಳ್ಳಗಾಗುತ್ತದೆ. ಭಾರವಾದ ರಾಗಟೆ, ನಾಗರಗಳನ್ನು ಮೇಲೂ ಹಗುರವಾದ ಬಿಲ್ಲೆಗಳನ್ನು ಕೆಳಗೂ ಇಡುವ ಹಳೆಯ ಕ್ರಮವು ಬಲವಿದ್ದಲ್ಲಿ ಭಾರವನ್ನಿಡುವ ಕ್ರಮವೇ ಸರಿ.

ಹೂವು, ಒಡವೆಗಳೆಲ್ಲ ಸೇರಿ ಅರ್ಧ ಕಿಲೋಗ್ರಾಮ್ ಎಂದಿಟ್ಟುಕೊಳ್ಳೋಣ. ಒಂದು ಲಕ್ಷ ಕೂದಲುಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 5 ಮಿಲಿಗ್ರಾಮ್, ಲೆಕ್ಕಕ್ಕೇ ಬಾರದಷ್ಟು. ಆದರೆ ಅದೇ ಭಾರವನ್ನು ನೆತ್ತಿಯ ಮೇಲಿನ ಒಂದೆರಡು ಪಿನ್ನುಗಳಿಂದ ನೂರು ಕೂದಲುಗಳಿಗೆ ಸಿಕ್ಕಿಸಿದರೆ ಒಂದೊಂದರ ಪಾಲು 5 ಗ್ರಾಮ್, ಎಂದರೆ ಸಾವಿರ ಪಟ್ಟು. ಕೂದಲು ತುಂಡಾಗಲಾರದು, ನಿಜ. ಆದರೆ ಕೂದಲನ್ನು ತುಂಡರಿಸುವುದಕ್ಕಿಂತ ಬುಡದಿಂದ ಕೀಳುವುದು ಸುಲಭ. ಪ್ರತಿಯೊಂದು ಬುಡದ ಸುತ್ತಲೂ ನರಗಳ ತುದಿಗಳಿವೆ. ಗಂಟೆಗಟ್ಟಲೆ ಎಳೆತ ಮುಂದುವರಿದರೆ ಅವು ನೋವನ್ನು ತಿಳಿಸುತ್ತವೆ. ಹೊರಗಿನ ಎಳೆತದಿಂದ ಬರುವ ತಲೆನೋವಿಗೆ ವೈದ್ಯರು ತಮ್ಮ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾರೆ. ಎಳೆತವನ್ನು ತೆಗೆದರೆ ಒಂದು ಗಂಟೆಯೊಳಗೆ ಅದು ಹೋಗುತ್ತದೆ.

ಒಂದು ದಿನದ ಜಡೆಯಿಂದ ಶಾಶ್ವತವಾದ ಹಾನಿಯೇನೂ ಆಗುವುದಿಲ್ಲ. ಆದರೆ ದಿನದಿನವೂ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರೆ ಹಣೆಯಂಚಿನಲ್ಲಿಯೂ ಕಪೋಲದ ಬಳಿಯಲ್ಲಿಯೂ ಕೂದಲು ತೆಳ್ಳಗಾಗಿ, ಬಹುಕಾಲದ ಮೇಲೆ ಬುಡಗಳೇ ಸತ್ತು ಮತ್ತೆ ಹುಟ್ಟದಂತಾಗುತ್ತದೆ. ಕೂದಲನ್ನು ಬಿಗಿಯಾಗಿ ಮೇಲೆತ್ತಿ ಕಟ್ಟುತ್ತಿದ್ದ ಗ್ರೀನ್‌ಲೆಂಡಿನ ಸ್ತ್ರೀಯರಲ್ಲಿ ಈ ತೊಂದರೆಯನ್ನು 1907ರಲ್ಲಿಯೇ ಗುರುತಿಸಿದ್ದರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ, ಒಂದು ಮೊಳದ ಜಡೆಯನ್ನು ಕಳೆದುಕೊಂಡರೆ ಮತ್ತೆ ಪಡೆಯಲು ಸುಮಾರು ನಾಲ್ಕು ವರ್ಷ ಬೇಕು.

ಕೂದಲಿಗೆ ಒಡವೆಯನ್ನು ತೂಗಹಾಕುವ ಪದ್ಧತಿ ಮದುಮಗಳೊಬ್ಬಳದೇ ಅಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾದ ಕ್ಷೇತ್ರ. ಲಂಬಾಣಿ ಸ್ತ್ರೀಯರ ಸಾಂಪ್ರದಾಯಿಕ ಉಡುಗೆಯಲ್ಲಿ ಕೆನ್ನೆಯ ಎರಡೂ ಪಕ್ಕಗಳಲ್ಲಿ ಕೂದಲಿನಿಂದ ಇಳಿಬಿದ್ದ ಬೆಳ್ಳಿಯ ಒಡವೆಗಳು ಎದ್ದುಕಾಣುತ್ತವೆ. ಎರಡು ಪಕ್ಕಗಳ ತೂಕ ಸಮನಾಗಿರುವುದರಿಂದ ತಲೆಯ ಸಮತೋಲ ಕೆಡುವುದಿಲ್ಲ. ಆದರೆ ಕಪೋಲದ ಕೂದಲು ತೆಳ್ಳನೆಯದಾದ್ದರಿಂದ ಭಾರ ಹಗುರವಾಗಿದ್ದಷ್ಟೂ ಒಳಿತು.

ಆದುದರಿಂದ ಜಡೆ ಹಾಕುವವರು ಕೆಲವು ಮಾತುಗಳನ್ನು ಗಮನದಲ್ಲಿಡಬೇಕು. ಕೂದಲು ಪೂರ್ತಿ ಒಣಗಿರಲಿ. ಹಣೆಯಂಚಿನಲ್ಲಿ ಎಳೆತ ಬೇಡ, ಬಿಗಿತ ಜಡೆಯೊಳಗಿರಲಿ. ಮೊಗ್ಗಿನ ಪಟ್ಟೆಯನ್ನು ಮೇಲ್ಗಡೆ ಒಂದೇ ಕಡೆ ನೇತುಹಾಕದೆ ಜಡೆಯ ಉದ್ದಕ್ಕೂ ಐದಾರು ಕಡೆ ಕಟ್ಟಬೇಕು. ಪುಟ್ಟ ಹುಡುಗಿಯರ ಕೂದಲು ತೆಳುವಾದುದರಿಂದ ಅವರಿಗೆ ಹೂವು ಮಾತ್ರ ಸಾಕು, ಒಡವೆಯ ಭಾರ ಬೇಡ. ನೋವೆಂದು ಹೇಳಿದರೆ "ಒಂದು ದಿನ ಸಹಿಸಿಕೋ" ಎನ್ನದೆ ಬಿಚ್ಚಿ ಹಾಕಬೇಕು. ಶಾಸ್ತ್ರಗಳು ಮುಗಿದ ಮೇಲೆ ಜಡೆಯೊಡನೆ ಮಲಗಗೊಡಬಾರದು.

ವಿದ್ಯಾರ್ಥಿಗಳು ಇವುಗಳಲ್ಲಿ ಕೆಲವನ್ನು ತಾವೇ ಪರೀಕ್ಷಿಸಬಹುದು. ಬಾಚಣಿಗೆಯಲ್ಲಿ ಸಿಕ್ಕ ಕೂದಲೊಂದಕ್ಕೆ ಕಾಗದದ ಚಿಕ್ಕ ಬುಟ್ಟಿಯನ್ನು ಕಟ್ಟಿ ಮರಳನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಅದು ಎಷ್ಟು ಭಾರಕ್ಕೆ ತುಂಡಾಗುವುದೆಂದು ತೂಗಿ ನೋಡಿರಿ. ಒದ್ದೆಮಾಡಿದ ಕೂದಲಿನಿಂದಲೂ ಹಾಗೆಯೇ ಮಾಡಿ ಹೋಲಿಸಿರಿ. ನೂರು ಮೊಗ್ಗುಗಳನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಿ ಎಷ್ಟು ನೀರು ಹೋಯಿತೆಂದು ಬರೆದಿಡಿರಿ. ಚನ್ನಗಿರಿಯ ಶಾಲೆಯವರೂ ಜಗಳೂರಿನ ಶಾಲೆಯವರೂ ಒಂದೇ ದಿನ ಇದನ್ನು ಮಾಡಿ ಪರಸ್ಪರ ಪತ್ರ ಬರೆದು ತಿಳಿಸಿಕೊಂಡರೆ, ನಾವು ಮೇಲೆ ಮಾಡಿದ ಲೆಕ್ಕ ಎಷ್ಟರಮಟ್ಟಿಗೆ ಸರಿಯೆಂಬುದು ಗೊತ್ತಾಗುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಒಂದು ಸಣ್ಣ ತಕ್ಕಡಿ ಮತ್ತು ನೂರು ಮೊಗ್ಗು.